ವಾರ್ಡಿನೊಳಗೆ ರೋಗಿಯ ಪರ ಯಾರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಗೆ ಉಚಿತ ಕಾನೂನು ನೆರವಿದೆ, ದಾಖಲಾತಿಯನ್ನು ಪ್ರಶ್ನಿಸೋಕೆ ಪರಿಶೀಲನಾ ಮಂಡಳಿಯೂ ಇದೆ. ಆದರೆ ನನ್ನನ್ನು ಕಾಡೋದು 89ನೇ ಸೆಕ್ಷನ್. ರೋಗಿಯ ‘ನಾಮನಿರ್ದೇಶಿತ ಪ್ರತಿನಿಧಿ’ ಅರ್ಜಿ ಕೊಟ್ಟು, ಪರೀಕ್ಷಿಸಿದ ಇಬ್ಬರು ತಜ್ಞರು ಒಪ್ಪಿದರೆ, ರೋಗಿಯನ್ನು 30 ದಿನದವರೆಗೆ ಒಳಗಿಡಬಹುದು. ರೋಗಿ ಮೊದಲೇ ಯಾರನ್ನೂ ಹೆಸರಿಸದಿದ್ದರೆ ಆ ಪ್ರತಿನಿಧಿ ಸಾಮಾನ್ಯವಾಗಿ ಮನೆಯವರೇ. ಅಂದರೆ, ಸೇರಿಸಿದವರೇ ರೋಗಿಯ ದನಿಯೂ ಆಗಬೇಕು!

ಎಲ್ಲ ಮನೆಯವರನ್ನೂ ನಾನು ಅನುಮಾನಿಸುತ್ತಿಲ್ಲ. ಆದರೆ ಆಸ್ತಿ ಜಗಳ, ಮದುವೆ ಜಗಳ ಇರೋ ಮನೆಗಳೂ ಇವೆಯಲ್ಲ?

ಇಂಗ್ಲೆಂಡಿನಲ್ಲಿ 2009ರಿಂದ, ಕಡ್ಡಾಯವಾಗಿ ದಾಖಲಾದವರ ಪರ ಮಾತಾಡಲು ಆಸ್ಪತ್ರೆಗೂ ಮನೆಗೂ ಸೇರದ ಸ್ವತಂತ್ರ ಸಹಾಯಕರಿದ್ದಾರೆ. ನಮ್ಮಲ್ಲೂ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರಿದ್ದಾರೆ. ಅವರಿಗೆ ತರಬೇತಿ ಕೊಟ್ಟು ವಾರಕ್ಕೊಮ್ಮೆ ವಾರ್ಡಿಗೆ ಕಳಿಸಲಿ. ಹಕ್ಕಿದೆ ಅಂತ ಹೇಳೋರೇ ಇಲ್ಲದ ಕಡೆ ಹಕ್ಕು ಇದ್ದೂ ಇಲ್ಲದಂತೆ.