ಪಾಯ ನೋಡುವವನೇ ಪಾಯ ತೋಡುವವನಾದರೆ?

ನಾಡಿ ನೋಡುವ ಪಂಡಿತನೇ ಚಟ್ಟದ ಬಿದಿರನ್ನೂ ಮಾರುತ್ತಿದ್ದರೆ ರೋಗಿಯ ಗತಿ ಏನು? ಈ ಪ್ರಶ್ನೆಯನ್ನು ನಾನು ತಮಾಷೆಗೆ ಕೇಳುತ್ತಿಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಪಾಡು ಇಂದು ಇದೇ ಆಗಿದೆ. ಗೋಡೆಯಲ್ಲಿ ಬಿರುಕು ಕಂಡ ಕೂಡಲೆ ಪುಕ್ಕಟೆ ಪರೀಕ್ಷೆ ಮಾಡುವೆನೆಂದು ಗುತ್ತಿಗೆದಾರ ಬರುತ್ತಾನೆ. ರೋಗವನ್ನು ಹೆಸರಿಸುವವನು ಅವನೇ, ಮದ್ದು ಮಾರುವವನು ಅವನೇ, ಬೆಲೆ ಕಟ್ಟುವವನೂ ಅವನೇ!

1898ರಲ್ಲಿ ಪ್ಲೇಗು ಮಾರಿ ಪೇಟೆಯನ್ನು ಹೊಕ್ಕ ಮೇಲೆ, ಗಾಳಿ ಬೆಳಕಿನ ಅಗಲ ಬೀದಿಗಳೊಡನೆ ಬೆಳೆದ ಬಡಾವಣೆ ಬಸವನಗುಡಿ. ಕಲ್ಲಿನ ಪಾಯ, ಸುಣ್ಣದ ಗಾರೆ, ದಪ್ಪ ಗೋಡೆ, ಮದರಾಸು ತಾರಸಿ. ಹೀಗೆ ಕಟ್ಟಿದ ಮನೆಗಳು ಮೂರು ನಾಲ್ಕು ತಲೆಮಾರು ಬಾಳಿವೆ. ಅವುಗಳಲ್ಲಿ ಉಳಿದಿರುವವರಲ್ಲಿ ಎಷ್ಟೋ ಮಂದಿ ಪಿಂಚಣಿದಾರರು, ಒಂಟಿ ಮುದುಕಿಯರು, ವಠಾರದ ಬಾಡಿಗೆದಾರರು. ನೆಲದ ಬೆಲೆ ಗಗನಕ್ಕೇರಿದೆ. ಮನೆಯ ಬೆಲೆಯನ್ನು ಕೇಳುವವರಿಲ್ಲ. ಹೀಗಿರುವಾಗ ಗೋಡೆಯ ಬಿರುಕು ಮನೆಯವರಿಗೆ ಸಂಕಟ, ಕೆಲವರಿಗೆ ಹಬ್ಬ.

ನನ್ನ ಸೋದರತ್ತೆಯ ಮನೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿದೆ. ಕಳೆದ ಮಳೆಗಾಲದಲ್ಲಿ ಬಚ್ಚಲಮನೆಯ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಗೋಡೆ ಓರೆಯಾಗಿ ಬಿರಿಯಿತು. ಮೊದಲು ಬಂದ ಗುತ್ತಿಗೆದಾರ ಕೋಲಿನಿಂದ ಎರಡು ಸಲ ತಟ್ಟಿ, "ಅಮ್ಮಾ, ಪಾಯ ಪೂರಾ ಹೋಗಿದೆ, ಎಂಟು ಲಕ್ಷ ಆಗುತ್ತೆ" ಎಂದ. ಎರಡನೆಯವನು ತಟ್ಟಲೂ ಇಲ್ಲ. "ರಿಪೇರಿ ದಂಡ, ಕೆಡವಿಬಿಡಿ, ನಮಗೆ ಗೊತ್ತಿರೋ ಬಿಲ್ಡರ್ ಒಬ್ಬರಿದ್ದಾರೆ" ಎಂದು ಕಾಗದವನ್ನೇ ಮುಂದಿಟ್ಟ. ಎಪ್ಪತ್ತೆಂಟು ವರ್ಷದ ಅತ್ತೆ ಪೆನ್ನು ಕೈಗೆ ತೆಗೆದುಕೊಂಡಿದ್ದರು. ಹಿತ್ತಲ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದಿರುವ ದರ್ಜಿಯ ಸಂಸಾರ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿತ್ತು.

ನಾನು ಮೆಟ್ರಿಕ್ ಓದಿದವನು, ಇಂಜಿನಿಯರಲ್ಲ. ಆದರೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಉತ್ತರ ಹೇಳಿದವನಿಗೆ "ಲೆಕ್ಕ ಮಾಡಿ ತೋರಿಸು" ಎನ್ನುವ ಅಭ್ಯಾಸ ನನಗಿದೆ. ಗುತ್ತಿಗೆ ಹಿಡಿಯದ, ಫೀಜು ಮಾತ್ರ ಪಡೆಯುವ ಇಂಜಿನಿಯರೊಬ್ಬರನ್ನು ಕರೆಸಿದೆವು. ಅವರು ಬಿರುಕಿನ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದರು. ಗಾಜು ಒಡೆದರೆ ಗೋಡೆ ಇನ್ನೂ ಜರುಗುತ್ತಿದೆ ಎಂದರ್ಥ. ಮೂಲೆಯಲ್ಲಿ ಗುಂಡಿ ತೋಡಿಸಿ ಪಾಯವನ್ನು ಕಣ್ಣಾರೆ ತೋರಿಸಿದರು. ಕಲ್ಲು ಗಟ್ಟಿಯಾಗಿತ್ತು! ಪಕ್ಕದ ಹಳೆಯ ಒಳಚರಂಡಿ ಕೊಳವೆಯ ಕೀಲು ಬಿಟ್ಟು, ವರ್ಷಗಟ್ಟಲೆ ನೀರು ಇಳಿದು, ಕೆಳಗಿನ ಮಣ್ಣು ಸಡಿಲವಾಗಿತ್ತು. ಕೊಳವೆ ಬದಲಾಯಿಸಿ ಆ ಒಂದು ಮೂಲೆಗೆ ಕಾಂಕ್ರೀಟಿನ ಆಸರೆ ಕೊಟ್ಟದ್ದಕ್ಕೆ ಒಂದು ಲಕ್ಷವೂ ತಗಲಲಿಲ್ಲ. ಎಂಟು ಲಕ್ಷದ ರೋಗ ಎಲ್ಲಿ ಹೋಯಿತು, ಸ್ವಾಮಿ?

ಆದುದರಿಂದ ಮೊದಲನೆಯ ಪಾಠ: ನೋಡುವವನು ಬೇರೆ ಇರಲಿ, ಮಾಡುವವನು ಬೇರೆ ಇರಲಿ. ಪುಕ್ಕಟೆ ಪರೀಕ್ಷೆಯಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಎರಡನೆಯದು: ಇಂಜಿನಿಯರ ವರದಿಯನ್ನು ಮುಂದಿಟ್ಟು ಮೂವರಿಂದ ಅದೇ ಕೆಲಸಕ್ಕೆ ಎಸ್ಟಿಮೇಟು ಕೇಳಿ. "ಒಟ್ಟು ಇಷ್ಟು" ಎಂಬ ಚೀಟಿ ಬೇಡ. ಎಷ್ಟು ಮಣ್ಣು, ಎಷ್ಟು ಕಾಂಕ್ರೀಟು, ಯಾವ ದರ ಎಂದು ಬರೆದು ಕೊಡಲಿ. ಮೂರನೆಯದು: "ಹೇಗೆ ಅಗೆಯುತ್ತೀರಿ?" ಎಂದು ಕೇಳಿ. ಗೋಡೆಯ ಕೆಳಗೆ ಸುಮಾರು ಒಂದೊಂದು ಮೀಟರಿನಷ್ಟೇ, ನಡುವೆ ಜಾಗ ಬಿಟ್ಟು ಅಗೆದು, ಹಾಕಿದ ಕಾಂಕ್ರೀಟು ಬಲಿತ ಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಉದ್ದಕ್ಕೂ ಒಂದೇ ಸಲ ತೆಗೆದು ವಾರದಲ್ಲಿ ಮುಗಿಸುವೆನೆನ್ನುವವನಿಗೆ ಕೈಮುಗಿದು ಬಾಗಿಲು ತೋರಿಸಿ. ನಾಲ್ಕನೆಯದು: ಆದಷ್ಟು ಕೆಲಸಕ್ಕೆ ಅಷ್ಟೇ ಹಣ, ಹತ್ತರಲ್ಲಿ ಒಂದು ಪಾಲು ಮುಂದಿನ ಮಳೆಗಾಲ ಕಳೆಯುವವರೆಗೆ ನಿಮ್ಮ ಕೈಯಲ್ಲೇ ಇರಲಿ. ಎಲ್ಲಕ್ಕೂ ರಸೀತಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮನೆ ಕಟ್ಟುವ ಕೆಲಸವೂ ಸೇವೆಯೇ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. 2 ವರ್ಷದೊಳಗೆ ದೂರು ಕೊಡಬೇಕು.

ಇನ್ನು ಪಕ್ಕದ ನಿವೇಶನದ ಮಾತು. ಹಳೆಯ ಮನೆ ಕೆಡವಿ, ಕಾರು ನಿಲ್ಲಿಸಲು ನೆಲದಡಿ ಆಳಕ್ಕೆ ಅಗೆಯುತ್ತಾರೆ. ಇತ್ತ ನಮ್ಮ ಗೋಡೆ ಬಾಯಿ ಬಿಡುತ್ತದೆ. "ನಿಮ್ಮ ಮನೆ ಹಳೆಯದು, ನಾವೇನು ಮಾಡೋಣ?" ಎನ್ನುತ್ತಾರೆ. ಏನು ಮಾಡಬೇಕೆಂದು ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ಸ್ ಕಾಯಿದೆಯೇ ಹೇಳಿದೆ. ಪಕ್ಕದ ನೆಲದ ಸಹಜ ಆಸರೆ ಪ್ರತಿಯೊಬ್ಬರ ನೆಲಕ್ಕೂ ಹಕ್ಕು. ಇಪ್ಪತ್ತು ವರ್ಷ ತಂಟೆ ತಕರಾರಿಲ್ಲದೆ ಆ ಆಸರೆಯ ಮೇಲೆ ನಿಂತ ಕಟ್ಟಡಕ್ಕೂ ಅದು ಹಕ್ಕಾಗುತ್ತದೆ. ಅಗೆತ ಶುರುವಾಗುವ ಮೊದಲೇ ನಿಮ್ಮ ಗೋಡೆಗಳ ಫೋಟೋ ತಾರೀಖಿನೊಡನೆ ತೆಗೆದಿಡಿ. ನಾಳೆ ಸಾಕ್ಷಿ ಹೇಳುವುದು ಅದೇ.

ಗುಂಡಿಯ ಒಳಗಿರುವವನನ್ನೂ ಮರೆಯಬೇಡಿ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರ ಅವನು. ಮಣ್ಣಿನಲ್ಲಿ ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆಯ ಆಸರೆ ಕಟ್ಟಬೇಕೆಂದು ಭಾರತೀಯ ಮಾನಕ 3764 ವಿಧಿಸಿದೆ. ಎಷ್ಟು ಗುತ್ತಿಗೆದಾರರು ಕಟ್ಟುತ್ತಾರೆ? ಎಸ್ಟಿಮೇಟಿನಲ್ಲಿ ಆ ಹಲಗೆಯ ಖರ್ಚು ಇಲ್ಲದಿದ್ದರೆ, ಕಡಮೆ ದರದ ಆ ಉಳಿತಾಯ ಒಬ್ಬ ಕೂಲಿಯ ಪ್ರಾಣದಿಂದ ಬಂದದ್ದು. 2019ರ ಮಾರ್ಚಿಯಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೆ ಅದೇ ಕಥೆ. ಅಲ್ಲಿ ಹೆಣವಾದವರು ದುಡಿಯಲು ಬಂದವರು.

"ಹಾಗಾದರೆ ಗುತ್ತಿಗೆದಾರರೆಲ್ಲ ಕಳ್ಳರೇ?" ಎಂದು ಕೇಳಬಹುದು. ಖಂಡಿತ ಅಲ್ಲ. ಅತ್ತೆಯ ಮನೆಯ ಮೂಲೆಯನ್ನು ಸರಿಮಾಡಿದ ಮೇಸ್ತ್ರಿಯೂ ಗುತ್ತಿಗೆದಾರನೇ. ಹಲಗೆ ಕಟ್ಟದೆ ತನ್ನ ಆಳುಗಳನ್ನು ಆತ ಗುಂಡಿಗೆ ಇಳಿಸಲಿಲ್ಲ. ಆದರೆ ಅಂಥವನು ನಿಜ ಹೇಳಿ ಕೆಲಸ ಕಳೆದುಕೊಳ್ಳುತ್ತಾನೆ, ಹೆದರಿಸುವವನು ಗೆಲ್ಲುತ್ತಾನೆ. ಈ ವ್ಯವಸ್ಥೆಯೇ ನಮ್ಮ ಶತ್ರು. 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಬೋರ್ಡುಗಳು ಬದಲಾದವು, ಕುರ್ಚಿಗಳು ಹೆಚ್ಚಿದವು. ವಾರ್ಡಿಗೊಬ್ಬ ಇಂಜಿನಿಯರು ಅಲ್ಪ ಶುಲ್ಕಕ್ಕೆ ಬಡವರ ಮನೆಯ ಪಾಯ ನೋಡಿ ವರದಿ ಕೊಡಲಿ. ಅಕ್ಕಪಕ್ಕದ ಮನೆಗಳ ಸ್ಥಿತಿಯನ್ನು ದಾಖಲೆ ಮಾಡದೆ ಆಳದ ಅಗೆತಕ್ಕೆ ಲೈಸೆನ್ಸು ಕೊಡದಿರಲಿ. ಇಷ್ಟನ್ನು ಮಾಡಲಾಗದಿದ್ದರೆ ಐದು ಪಾಲಿಕೆ ಯಾರ ಉದ್ಧಾರಕ್ಕೆ?

ಅಲ್ಲಿಯವರೆಗೆ, ಬಂಧುಗಳೇ, ಬಿರುಕು ಕಂಡರೆ ಹೆದರಬೇಡಿ. ಮೊದಲು ಗಾಜಿನ ಪಟ್ಟಿ ಅಂಟಿಸಿ, ಆಮೇಲೆ ಗುಂಡಿ ತೋಡಿಸಿ ನೋಡಿ. ಸಹಿ ಹಾಕುವುದು ಕಟ್ಟಕಡೆಗೆ!