ಹ್ಯಾಪಿ ಪ್ಲೇಸ್ - ಅರ್ಧ ಸಿಹಿ, ಅರ್ಧ ಸಪ್ಪೆ

ಎರಡು ರಾತ್ರಿ ನಿದ್ದೆಗೆಟ್ಟು ಎಮಿಲಿ ಹೆನ್ರಿಯ 'ಹ್ಯಾಪಿ ಪ್ಲೇಸ್' ಓದಿ ಮುಗಿಸಿದೆ. 2023ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಗೆಳತಿಯೊಬ್ಬಳು "ಓದ್ಲೇಬೇಕು ಕಣೇ" ಅಂತ ತಂದುಕೊಟ್ಟಿದ್ದಳು. ಇಷ್ಟ ಆಯ್ತಾ ಅಂತ ಕೇಳಿದ್ರೆ... ಆಯ್ತು, ಆದ್ರೆ ಪೂರ್ತಿ ಆಗ್ಲಿಲ್ಲ. (ಕಥೆಯ ಕೊನೆಯನ್ನೂ ಹೇಳ್ತೀನಿ. ಓದ್ಬೇಕು ಅಂತಿರೋರು ಇಲ್ಲೇ ನಿಲ್ಲಿಸಿಬಿಡಿ, ಆಮೇಲೆ ಬೈಬೇಡಿ :))

ಹ್ಯಾರಿಯೆಟ್ ಮತ್ತು ವಿನ್ ಕಾಲೇಜಿನ ದಿನಗಳಿಂದ ಜೋಡಿ. ನಿಶ್ಚಿತಾರ್ಥವೂ ಆಗಿತ್ತು. ಒಂದು ದಿನ ವಿನ್ ಫೋನಿನಲ್ಲೇ ಸಂಬಂಧ ಕಡಿದುಕೊಳ್ತಾನೆ. ಇಬ್ಬರೂ ಈ ವಿಷಯ ಗೆಳೆಯರಿಗೆ ಹೇಳಿಲ್ಲ. ಅಮೆರಿಕದ ಮೇನ್ ರಾಜ್ಯದ ಕಡಲ ತೀರದಲ್ಲಿ ಗೆಳತಿ ಸಬ್ರಿನಾಳ ಅಪ್ಪನ ಮನೆ. ವರ್ಷಾ ವರ್ಷಾ ಎಲ್ಲರೂ ಅಲ್ಲಿ ಸೇರೋದು ವಾಡಿಕೆ. ಈ ಸಲ ಆ ಮನೆ ಮಾರಾಟಕ್ಕಿದೆ, ಸಬ್ರಿನಾ ಮತ್ತು ಪಾರ್ಥ್ ಅಲ್ಲೇ ಮದುವೆ ಆಗ್ತೀವಿ ಅಂತಾರೆ. ಅವರ ಸಂತೋಷ ಕೆಡಿಸೋದು ಬೇಡ ಅಂತ ಹ್ಯಾರಿಯೆಟ್, ವಿನ್ ಇಬ್ಬರೂ ಒಂದು ವಾರ ಒಂದೇ ಕೋಣೆಯಲ್ಲಿ, ಇನ್ನೂ ಜೋಡಿ ಅನ್ನೋ ನಾಟಕ ಶುರು ಮಾಡ್ತಾರೆ.

ಕೇಳೋಕೆ ಸಿನಿಮಾ ಕಥೆ. ಆದ್ರೆ ಇದರಲ್ಲಿ ವಿಲನ್ ಇಲ್ಲ, ಅದು ನಂಗೆ ಹಿಡಿಸ್ತು. ವಿನ್‌ನ ಅಪ್ಪ ತೀರಿಕೊಂಡಿದ್ದಾರೆ, ಅಮ್ಮನಿಗೆ ಪಾರ್ಕಿನ್ಸನ್ಸ್. ಅವಳ ಊರಲ್ಲಿ, ಅವಳ ಓದಿನ ಪಕ್ಕದಲ್ಲಿ, ತಾನು ಯಾತಕ್ಕೂ ಬಾರದವನು ಅನ್ನೋ ಭಾವನೆ ಅವನಿಗೆ. ಹ್ಯಾರಿಯೆಟ್‌ಗೋ ಜಗಳ ಅಂದ್ರೆ ಭಯ, ಎಲ್ಲದಕ್ಕೂ ನಗುತ್ತಾ ತಲೆಯಾಡಿಸೋಳು. ಹೀಗೆ ಮಾತಾಡದೇ ದೂರ ಆದ ಎಷ್ಟು ಜೋಡಿಗಳನ್ನ ನಾವು ನೋಡಿಲ್ಲ! ಗೆಳೆತನಕ್ಕೂ ವಯಸ್ಸಾಗುತ್ತೆ ಅನ್ನೋದನ್ನ ಲೇಖಕಿ ಬರೆದಿರೋ ರೀತಿಯಂತೂ ಪ್ರೇಮಕಥೆಗಿಂತ ಚೆನ್ನಾಗಿದೆ.

ಬೇಜಾರು? ಮೊದಲರ್ಧ ಪೂರ್ತಿ "ಹತ್ತು ನಿಮಿಷ ಕೂತು ಮಾತಾಡ್ರಪ್ಪಾ" ಅಂತ ಕೂಗಬೇಕು ಅನ್ಸುತ್ತೆ. ಅದಾದರೂ ಸಹಿಸ್ಕೋಬಹುದು. ಕೊನೆ ಮಾತ್ರ ಗಂಟಲಲ್ಲಿ ಸಿಕ್ಕಿಹಾಕಿಕೊಳ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಜನ್ ಆಗೋಕೆ ತರಬೇತಿ ಪಡೀತಿದ್ದ ಹ್ಯಾರಿಯೆಟ್, ಎಲ್ಲ ಬಿಟ್ಟು ವಿನ್ ಇರೋ ಮೊಂಟಾನಾಗೆ ಹೋಗಿ ಮಡಿಕೆ ಮಾಡೋಕೆ ಕೂರ್ತಾಳೆ. ನಂಗೆ ಸಿಟ್ಟೇ ಬಂತು. ಮತ್ತೆ ಹುಡುಗಿನೇ ಯಾಕೆ ಬಿಡ್ಬೇಕು?

ಸಿಟ್ಟಿಗೆ ಕಾರಣ ಇದೆ. ನಮ್ಮಮ್ಮ ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದರು. ಅಪ್ಪನಿಗೆ ಹಾಸನಕ್ಕೆ ವರ್ಗ ಆದಾಗ ಕೆಲಸ ಬಿಟ್ಟರು, ಮತ್ತೆ ಸೇರಲಿಲ್ಲ. ಅದರ ಬಗ್ಗೆ ಮನೇಲಿ ಯಾರೂ ಮಾತಾಡಿದ್ದೇ ಇಲ್ಲ. ಭಾನುವಾರ ಫೋನಿನಲ್ಲಿ ಅಮ್ಮನಿಗೆ ಈ ಕಥೆ ಹೇಳಿ, "ನೋಡಮ್ಮ, ಎಂಥಾ ಅನ್ಯಾಯ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಿಗೆ ಡಾಕ್ಟರ್ ಕೆಲಸ ಇಷ್ಟ ಇತ್ತಾ?" ಅಂದರು.

ಯೋಚಿಸಿದೆ. ಇಲ್ಲ, ಇರಲಿಲ್ಲ. ಅಪ್ಪ ಅಮ್ಮನ ಮುಖದಲ್ಲಿ ನಗು ನೋಡೋಕೆ ಅವಳು ಚೆನ್ನಾಗಿ ಓದಿದ್ದು, ಆ ದಾರಿ ಹಿಡಿದದ್ದು.

"ಹಾಗಾದ್ರೆ ಬಿಟ್ಟಿದ್ದು ಒಳ್ಳೇದೇ ಆಯ್ತು" ಅಂದರು ಅಮ್ಮ. ಆಮೇಲೆ ಮೆಲ್ಲಗೆ, "ನಂಗೆ ಇಷ್ಟ ಇತ್ತು ಕಣೇ."

ಏನು ಹೇಳ್ಬೇಕೋ ತೋಚಲಿಲ್ಲ.

ಈಗ ಆ ಪುಸ್ತಕದ ಮೇಲೆ ನನ್ನ ದೂರು ಬೇರೆ ಥರ ಇದೆ. ಅವಳು ಬಿಟ್ಟಿದ್ದು ತಪ್ಪಲ್ಲ. ಆದ್ರೆ ಬಿಡೋಕೆ ಮುಂಚೆ ಅವಳು ಒಬ್ಬಳೇ ಕೂತು ಯೋಚಿಸೋದನ್ನ ಲೇಖಕಿ ಇನ್ನೊಂದಿಷ್ಟು ಪುಟ ತೋರಿಸಬೇಕಿತ್ತು. ವಿನ್ ಸಿಗದಿದ್ದರೂ ಅವಳು ಆಸ್ಪತ್ರೆ ಬಿಡ್ತಿದ್ದಳಾ? ಪುಸ್ತಕ ಹೌದು ಅಂತ ಹೇಳುತ್ತೆ, ಆದ್ರೆ ನಂಬಿಸೋದಿಲ್ಲ. ಕೆಲಸ ಬಿಟ್ಟಿದ್ದು, ಹುಡುಗ ಸಿಕ್ಕಿದ್ದು ಎರಡೂ ಒಟ್ಟಿಗೇ ಬಂದುಬಿಡುತ್ತೆ.

ಆದ್ರೂ ಓದಿ. ಓದಿದ ಮೇಲೆ ನಿಮ್ಮಮ್ಮನಿಗೂ ಒಂದು ಫೋನ್ ಮಾಡಿ. ನಾನಂತೂ ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ, ಆ ಸ್ಕೂಲಿನ ಕಥೆ ಪೂರ್ತಿ ಕೇಳ್ಬೇಕು.