ಪರದೇಶ ಪ್ರವಾಸ: ಕೊನೆಯ ದಿನ ಓಡಬೇಡಿ

ಧರ್ಮಸ್ಥಳ, ತಿರುಪತಿ, ಹೆಚ್ಚೆಂದರೆ ಕಾಶಿ. ನಮ್ಮ ತೋವಿನಕೆರೆಯ ಹಿರಿಯರ ಪ್ರವಾಸ ಒಂದು ಕಾಲಕ್ಕೆ ಇಷ್ಟಕ್ಕೇ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದ್ದರೆ ಅಪ್ಪ ಅಮ್ಮನಿಗೆ ಒಮ್ಮೆ ಸಿಂಗಪುರವನ್ನೋ ದುಬೈಯನ್ನೋ ತೋರಿಸಬೇಕೆಂಬ ಆಸೆ ಇರುತ್ತದೆ. ಸಂತೋಷದ ಸಂಗತಿಯೇ. ಆದರೆ ಹಾಗೆ ಹೋಗಿ ಬಂದವರಲ್ಲಿ ಕೆಲವರು ಎರಡು ಮೂರು ದಿನಗಳಲ್ಲೇ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತಿರುತ್ತಾರೆ. ಒಬ್ಬರಿಗೆ ಕಾಲು ಊತ, ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಹಿಮ್ಮಡಿಯಲ್ಲಿ ಬೊಬ್ಬೆ. ಯಾವಾಗಿನಿಂದ ಎಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ: "ಹೊರಡೋ ದಿನ ಸ್ವಲ್ಪ ಜಾಸ್ತಿ ಓಡಾಡಿಬಿಟ್ವಿ ಡಾಕ್ಟ್ರೇ."

ಆ ಹೊರಡುವ ದಿನದ ಬಗ್ಗೆಯೇ ಈ ವಾರ ಬರೆಯುತ್ತಿದ್ದೇನೆ. ಇಡೀ ಪ್ರವಾಸದಲ್ಲಿ ದೇಹಕ್ಕೆ ಅತಿ ಹೆಚ್ಚು ದಣಿವಾಗುವುದು ಅಂದೇ. ಅಂದು ನೋಡುವ ಜಾಗಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಬೇಕು, ಮನೆಯಲ್ಲಿ ವಯಸ್ಸಾದವರಿದ್ದರೆ ಒಂದಕ್ಕೆ ಇಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆಯವರಿಗೆ ಬುದ್ಧಿ ಹೇಳುವ ಮುನ್ನ ನನ್ನ ತಪ್ಪನ್ನೇ ಹೇಳಿಬಿಡುವುದು ಮೇಲು.

2019ರ ಏಪ್ರಿಲ್‌ನಲ್ಲಿ ನನ್ನ ತಾಯಿಯನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗಿದ್ದೆ. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇದ್ದವು, ಎರಡೂ ಹತೋಟಿಯಲ್ಲಿದ್ದವು. ಮೊದಲ ಮೂರು ದಿನ ಏನೂ ತೊಂದರೆಯಾಗಲಿಲ್ಲ. ಕೊನೆಯ ದಿನ ವಿಮಾನ ಇದ್ದದ್ದು ರಾತ್ರಿ ಹತ್ತರ ಸುಮಾರಿಗೆ. ಆದರೆ ಬೆಳಿಗ್ಗೆ ಎಂಟಕ್ಕೇ ಕೋಣೆ ಖಾಲಿ ಮಾಡಿ ಪೆಟ್ಟಿಗೆಗಳನ್ನೆಲ್ಲ ಬಸ್ಸಿನ ಹೊಟ್ಟೆಗೆ ತುಂಬಬೇಕಾಗಿತ್ತು. ಅಂದರೆ ಬೆನ್ನು ಚಾಚಲು ಜಾಗವಿಲ್ಲದೆ ಹದಿನಾಲ್ಕು ಗಂಟೆ! ನಮ್ಮ ಹೊಲದಲ್ಲಿ ಕಳೆ ಕೀಳುವವರೂ ಮಧ್ಯಾಹ್ನ ಮರದ ನೆರಳಿನಲ್ಲಿ ಒಂದು ಗಳಿಗೆ ಮಲಗುತ್ತಾರೆ.

ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಅಮ್ಮ ಒಂದು ತುಂಡು ಬ್ರೆಡ್ಡು ತಿಂದು ಕಾಫಿ ಕುಡಿದು, ಸಕ್ಕರೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರು. ಮೊದಲು ಸಿಂಹದ ತಲೆ, ಮೀನಿನ ಮೈಯ ಮೆರ್ಲಯನ್ ಪ್ರತಿಮೆಯ ಮುಂದೆ ಫೋಟೋ. ಬಳಿಕ ಸೌತ್ ಬ್ರಿಡ್ಜ್ ರಸ್ತೆಯ ಶ್ರೀ ಮಾರಿಯಮ್ಮನ್ ದೇವಸ್ಥಾನ. 1827ರಲ್ಲಿ ಸ್ಥಾಪನೆಯಾದ ಇದು ಅಲ್ಲಿನ ಅತಿ ಹಳೆಯ ಹಿಂದೂ ದೇವಾಲಯ. ಅಂಗಳದ ನೆಲ ಅಷ್ಟು ಹೊತ್ತಿಗೆ ಕಾದಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಬೊಬ್ಬೆ ಕಾಣುವುದು ರಾತ್ರಿಗೆ. ಅಲ್ಲಿಂದ ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಬಂದಾಗ ಒಂದು ಗಂಟೆ ಕಳೆದಿತ್ತು. ಊಟ ಎರಡೂವರೆಗೆ ಎಂದು ಹೇಳಿದ್ದರು. ಅಷ್ಟರೊಳಗೆ ಎಲ್ಲರೂ ಸಾಮಾನು ಕೊಳ್ಳಬೇಕಿತ್ತು.

ಅಲ್ಲಿ ಅಮ್ಮ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, "ಕೊರಟಗೆರೆ ಬಸ್ಸು ಹೋಗ್ಬಿಡ್ತೇನೋ?" ಎಂದರು. ಜೊತೆಯಲ್ಲಿದ್ದವರು ನಕ್ಕರು. ತಮಾಷೆ ಎಂದು ನಾನೂ ನಕ್ಕೆ. ಮತ್ತೆ ಅದನ್ನೇ ಕೇಳಿದರು, ಈ ಸಲ ಸಿಟ್ಟಿನಿಂದ. ಅವರು ಸಿಟ್ಟಾಗುವವರಲ್ಲ. ಕೈ ಮುಟ್ಟಿ ನೋಡಿದರೆ ಆ ಬಿಸಿಲಿನಲ್ಲೂ ತಣ್ಣಗೆ, ಬೆವರಿನಿಂದ ಒದ್ದೆ. ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಪರೀಕ್ಷಿಸಲು ಗ್ಲುಕೋಮೀಟರ್ ಎಲ್ಲಿದೆ? ಬಸ್ಸಿನ ಹೊಟ್ಟೆಯಲ್ಲಿ, ನಾನೇ ಬೀಗ ಹಾಕಿದ ಪೆಟ್ಟಿಗೆಯೊಳಗೆ. ಮಧ್ಯಾಹ್ನದ ಮಾತ್ರೆಗಳೂ ಅಲ್ಲೇ. ದಿನಕ್ಕೆ ಹತ್ತು ಜನಕ್ಕೆ ಮಾತ್ರೆ ಜೇಬಿನಲ್ಲಿರಲಿ ಎಂದು ಹೇಳುವ ವೈದ್ಯನ ಗತಿ ಇದು.

ಹತ್ತಿರದಲ್ಲೇ ಟೆಕ್ಕಾ ಸೆಂಟರ್ ಎಂಬ ದೊಡ್ಡ ಮಾರುಕಟ್ಟೆ ಇದೆ. ಅಲ್ಲಿ ಕಬ್ಬಿನ ಹಾಲು ಸಿಗುತ್ತದೆ. ಒಂದು ಲೋಟ ಕುಡಿಸಿದೆ. ಹದಿನೈದು ನಿಮಿಷದಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು, "ಇದ್ಯಾಕೋ ನಂಗೆ ಕಬ್ಬಿನ ಹಾಲು ಕೊಡಿಸ್ತಿದೀಯ, ಸಕ್ಕರೆ ಕಾಯ್ಲೆ ಅಲ್ವಾ?" ಎಂದಾಗ ನನಗೆ ಉಸಿರು ಬಂತು.

ಇಲ್ಲಿ ಎರಡು ಮಾತು ನೆನಪಿಡಬೇಕು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳ ಪರಿಣಾಮ ಇಡೀ ದಿನ ಇರುತ್ತದೆ. ಆದ್ದರಿಂದ ಸಿಹಿ ಕೊಟ್ಟು ಚೇತರಿಸಿಕೊಂಡರೆಂದು ಸುಮ್ಮನಾಗಬಾರದು, ಕೂಡಲೇ ಊಟ ಮಾಡಿಸಬೇಕು. ಪರೀಕ್ಷೆ ಮಾಡಲು ಸಾಧನವಿಲ್ಲದೆ ಅನುಮಾನ ಬಂದರೆ ಮೂರು ಚಮಚ ಸಕ್ಕರೆಯಷ್ಟು ಸಿಹಿ ಕೊಟ್ಟುಬಿಡಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಅಂಥವರನ್ನು ಆಸ್ಪತ್ರೆಗೇ ಒಯ್ಯಬೇಕು.

ಉಳಿದವರು ಮುಂದಿನ ಜಾಗಕ್ಕೆ ಹೋದರು. ನಾವಿಬ್ಬರು ಊಟ ಮಾಡಿ ಎರಡು ಗಂಟೆ ಅಲ್ಲೇ ಕುಳಿತೆವು. ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು ಅಮ್ಮನಿಗೆ ಸಿಕ್ಕಿದರು. ಅವರದು ತಮಿಳು, ಅಮ್ಮನದು ಕನ್ನಡ. ಮಲ್ಲಿಗೆಯ ದರದಿಂದ ಶುರುವಾದ ಮಾತು ಸೊಸೆಯರವರೆಗೆ ಹೋಯಿತು. ಸಿಂಗಪುರ ಹೇಗಿತ್ತು ಎಂದು ಈಗಲೂ ಯಾರಾದರೂ ಕೇಳಿದರೆ ಅಮ್ಮ ಹೇಳುವುದು ಆ ಹೂವಿನವರ ಸುದ್ದಿಯನ್ನೇ.

ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಬಿಡಬೇಕು, ಮತ್ತೆ ಬರುತ್ತೇವೋ ಇಲ್ಲವೋ ಎಂಬ ಆತುರ ನನಗೆ ಅರ್ಥವಾಗುತ್ತದೆ. ಆ ದುಡ್ಡಿನಲ್ಲೇ ಒಂದು ಉಪಾಯವುಂಟು. ಜೊತೆಯಲ್ಲಿರುವ ಮೂರು ನಾಲ್ಕು ಕುಟುಂಬಗಳು ಸೇರಿ ಒಂದೇ ಒಂದು ಕೋಣೆಯನ್ನು ಸಂಜೆಯವರೆಗೆ ಇಟ್ಟುಕೊಳ್ಳಿ. ಹಂಚಿಕೊಂಡರೆ ತಲೆಗೆ ಬರುವ ಖರ್ಚು ಅಷ್ಟೇನಿಲ್ಲ. ಮಧ್ಯಾಹ್ನ ಹಿರಿಯರು ಸ್ನಾನ ಮಾಡಿ ಒಂದು ಗಂಟೆ ಮಲಗಬಹುದು. ಸಿಂಗಪುರದಲ್ಲಂತೂ, ಸಮಭಾಜಕ ವೃತ್ತದ ಪಕ್ಕದ ಊರಾದ್ದರಿಂದ, ವರ್ಷವಿಡೀ ಸೆಕೆ. ನೆರಳಿನಲ್ಲೂ ಬೆವರು ಆರುವುದಿಲ್ಲ.

ನೀರಿನ ವಿಷಯ ಹೇಳಲೇಬೇಕು. ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಪ್ರವಾಸದ ಕೊನೆಯ ದಿನ ನೀರನ್ನೂ ಕುಡಿಯಲಿಲ್ಲ, ಹೃದಯದ ತೊಂದರೆಗೆಂದು ಕೊಟ್ಟಿದ್ದ ಮೂತ್ರ ಹೋಗಿಸುವ ಮಾತ್ರೆಯನ್ನೂ ಬಿಟ್ಟರು. ಕೇಳಿದರೆ, "ಗೊತ್ತಿಲ್ಲದ ಊರಲ್ಲಿ ಎಲ್ಲಿ ಅಂತ ಹುಡುಕ್ಲಿ?" ಎಂದರು. ನಮ್ಮ ಹೆಂಗಸರ ಪಾಡಂತೂ ಕೇಳುವುದೇ ಬೇಡ. ಮಾತ್ರೆ ನಿಲ್ಲಿಸಿದರೆ ಹೃದಯ ದುರ್ಬಲವಾಗಿರುವವರಿಗೆ ರಾತ್ರಿಯ ಹೊತ್ತಿಗೆ ಏದುಸಿರು ಬರಬಹುದು. ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಮಾತ್ರೆಯ ವೇಳೆಯನ್ನು ಬದಲಾಯಿಸಿಕೊಳ್ಳಿ. ಇನ್‌ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

ದಿನವೆಲ್ಲ ನಡೆದ ಕಾಲು ರಾತ್ರಿ ವಿಮಾನದಲ್ಲಿ ನಾಲ್ಕೂವರೆ ಗಂಟೆ ಜೋತುಬಿದ್ದಿರುತ್ತದೆ. ನಾಲ್ಕು ಗಂಟೆಗೆ ಮೀರಿ ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಗೆ ಒಬ್ಬರಿಗೆ. ಈಚೆಗೆ ಶಸ್ತ್ರಚಿಕಿತ್ಸೆಯಾದವರು, ತೀರಾ ದಪ್ಪಗಿರುವವರು, ಗರ್ಭನಿರೋಧಕ ಮಾತ್ರೆ ನುಂಗುವವರು ಮಾತ್ರ ಹೆಚ್ಚು ಎಚ್ಚರವಾಗಿರಬೇಕು. ನೀರು ಕುಡಿಯುತ್ತ, ಪಾದ ಮೇಲೆ ಕೆಳಗೆ ಆಡಿಸುತ್ತ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಎರಡೂ ಕಾಲು ಸಮನಾಗಿ ಊದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯುತ್ತ ಕೂರಬೇಡಿ.

ವಿಮಾನ ದೇವನಹಳ್ಳಿಯಲ್ಲಿ ಇಳಿದ ಮಾತ್ರಕ್ಕೆ ದಿನ ಮುಗಿಯುವುದಿಲ್ಲ. ಅಲ್ಲಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ದಾಟಿ ನಮ್ಮೂರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಕರೆದೊಯ್ಯಲು ಬಂದ ಡ್ರೈವರು ಸಂಜೆಯೇ ಊರು ಬಿಟ್ಟು ಅರ್ಧ ರಾತ್ರಿ ಕಾದಿರುತ್ತಾನೆ. ನಿದ್ದೆಗಣ್ಣಿನ ಅಪಘಾತಗಳು ಹೆಚ್ಚಾಗಿ ನಡೆಯುವುದು ರಾತ್ರಿ ಎರಡರಿಂದ ಬೆಳಗಿನ ಐದರೊಳಗೆ. "ನಿದ್ದೆ ಮಾಡಿದ್ಯೇನಪ್ಪಾ?" ಎಂದು ಕೇಳಿ. ಇಲ್ಲವೆಂದರೆ ಬೆಂಗಳೂರಿನ ನೆಂಟರ ಮನೆಯಲ್ಲಿ ಎಲ್ಲರೂ, ಅವನೂ ಸೇರಿ, ಬೆಳಗಾಗುವವರೆಗೆ ಮಲಗಿ.

ಇನ್ನೊಂದು ವಿಷಯ. ಊರಿಗೆ ಬಂದ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ತಪ್ಪದೆ ಹೇಳಿ. ಸಿಂಗಪುರದಷ್ಟು ಶುಭ್ರವಾದ ಊರಿನಲ್ಲೂ ಡೆಂಗೆ ಇದೆ, ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲೇ. ವಿಮಾನ ಹತ್ತಿದ್ದನ್ನು ಬೀದಿಗೆಲ್ಲ ಸಾರಿದವರು ನನ್ನ ಮುಂದೆ ಕುಳಿತಾಗ ಮಾತ್ರ, "ಎಲ್ಲೂ ಹೋಗಿರ್ಲಿಲ್ಲ ಡಾಕ್ಟ್ರೇ, ಮಳೇಲಿ ನೆಂದ್ವಿ ಅಷ್ಟೆ" ಎನ್ನುತ್ತಾರೆ. ಆ ಮಳೆ ಯಾವ ಊರಿನದು ಎಂದು ನಾನೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.